ಹುಲ್ಲುಕೋಳಿಗಳ ವಿಸರ್ಜನೆಗೊಂದು ನಿರ್ಣಯ

ವೆಂಡೆಲ್ ಆಸ್ಟ್‌ಬಿ ಕಳೆದ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ತೀರಿಕೊಂಡ. ಅರವತ್ತೊಂಬತ್ತು ವರ್ಷವಾಗಿತ್ತು. ಹೃದಯಾಘಾತ. ವಾಲ್ಡ್ರಪ್ ವಿಶ್ವವಿದ್ಯಾಲಯದಲ್ಲಿ ಅವನು ಮೂವತ್ತೊಂದು ವರ್ಷ ಲ್ಯಾಟಿನ್ ಕಲಿಸಿದ. ಅಷ್ಟೇ ವರ್ಷ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಆಡುವ ಅಲ್ಲಿನ ತಂಡವನ್ನು ಮುಚ್ಚಿಸಲು ಹೋರಾಡಿದ. ಮೊದಲನೆಯ ಕೆಲಸದಲ್ಲಿ ಎಷ್ಟು ಯಶಸ್ಸು ಸಿಕ್ಕಿತೋ ಎರಡನೆಯದರಲ್ಲೂ ಹೆಚ್ಚುಕಡಿಮೆ ಅಷ್ಟೇ ಸಿಕ್ಕಿತು.

ನಾನು, ಅರ್ಡಿತ್, ಅದೇ ವಿಶ್ವವಿದ್ಯಾಲಯದ ದಾಖಲಾತಿ ಕಚೇರಿಯಲ್ಲಿದ್ದೇನೆ. ಯಾವ ತರಗತಿ ಯಾವ ಕೋಣೆಯಲ್ಲಿ, ಎಷ್ಟು ಹೊತ್ತಿಗೆ, ಅದಕ್ಕೆ ಯಾರು ಯಾರು ಸೇರಿದ್ದಾರೆ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ವೆಂಡೆಲ್ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ಅವನ ವಿದ್ವತ್ತಿನ ಬಗ್ಗೆ ಬರೆಯೋಣವೆಂದು ಕೂತರೆ ಕಿವಿಯಲ್ಲಿ ಅವನ ಜಗಳವೇ ಕೇಳಿಸುತ್ತದೆ. ಅದನ್ನೇ ಬರೆಯುತ್ತೇನೆ.

ಅವನು ಸಾಯುವುದಕ್ಕೆ ನಾಲ್ಕು ದಿನ ಮುಂಚೆ, ಮಂಗಳವಾರ ಮಧ್ಯಾಹ್ನ, ವೆಲ್ಮಾಳ ಹೋಟೆಲಿಗೆ ನಾನು ಹೋಗುವಷ್ಟರಲ್ಲಿ ಅವನೂ ತಂಡದ ಕೋಚ್ ಮರ್ಲ್ ಕುಬಿಚೆಕ್‌ನೂ ಆಗಲೇ ಜಗಳ ಶುರು ಮಾಡಿದ್ದರು. ಮುಂದಿನ ಸೋಮವಾರ ಅಧ್ಯಾಪಕರ ಸಭೆಯಲ್ಲಿ ವೆಂಡೆಲ್‌ನ ನಿರ್ಣಯ ಮತಕ್ಕೆ ಬರಲಿತ್ತು. ಮೂವತ್ತು ವರ್ಷ ಒಬ್ಬರೂ ಅನುಮೋದಿಸದ ಆ ನಿರ್ಣಯಕ್ಕೆ ಈ ಸಲ ಹತ್ತೊಂಬತ್ತು ಸಹಿ ಬಿದ್ದಿದ್ದವು. ತಂಡ ಅಷ್ಟು ಚೆನ್ನಾಗಿ ಸೋಲುತ್ತಿತ್ತು.

ಕೋಚ್: ಸೋಲ್ತಾರೆ ಅಂತ ಮುಚ್ಚೋದಾದ್ರೆ ಈ ಊರಲ್ಲಿ ಏನಯ್ಯ ಉಳಿಯುತ್ತೆ? ಮೊದಲು ನಿಮ್ಮ ಚರ್ಚಿನ ಗಾಯನ ಮೇಳ ಮುಚ್ಚು.

ವೆಂಡೆಲ್: ಅವರು ಹಾಡು ಮುಗಿಸೋದಾದ್ರೂ ಮುಗಿಸ್ತಾರೆ. ಕಳೆದ ವರ್ಷ ನೀನು ಎಷ್ಟು ಆಟ ಗೆದ್ದೆ?

ಕೋಚ್: ಒಂದು.

ವೆಂಡೆಲ್: ಹೇಗೆ ಗೆದ್ದೆ ಅಂತ ಅರ್ಡಿತ್‌ಗೂ ಹೇಳು.

ಕೋಚ್: ಗೆಲುವು ಅಂದ್ರೆ ಗೆಲುವು. ಹೆಂಗೆ ಅಂತ ಯಾರೂ ಕೇಳಲ್ಲ.

ವೆಂಡೆಲ್: ಎದುರಿನವರ ಬಸ್ಸು ಹಿಮದಲ್ಲಿ ಹೂತುಹೋಗಿ ಅವರು ಬರಲೇ ಇಲ್ಲ.

ಕೋಚ್: ನಾವು ಬಂದಿದ್ವಲ್ಲ.

ವೆಂಡೆಲ್: ಬಂದಿದ್ರಿ. ಎದುರಿಗೆ ಒಂದು ನರಪಿಳ್ಳೆ ಇಲ್ಲದೇನೂ ಇಬ್ಬರು ಕಾಲು ಉಳುಕಿಸಿಕೊಂಡ್ರಿ.

ವೆಲ್ಮಾ ಮೂರು ಬಟ್ಟಲು ಚಿಲಿ ಎಂಬ ಖಾರದ ಮಾಂಸದ ಸಾರು, ಮೂರು ದಾಲ್ಚಿನ್ನಿ ಬನ್ನು ತಂದಿಟ್ಟಳು. ಇಬ್ಬರೂ ಒಂದೇ ಹೊತ್ತಿಗೆ ಬನ್ನನ್ನು ಚಿಲಿಯಲ್ಲಿ ಅದ್ದಿದರು. ಅವರಿಬ್ಬರೂ ಒಪ್ಪಿದ್ದನ್ನು ನಾನು ಕಂಡಿದ್ದು ಅದೊಂದೇ ವಿಷಯದಲ್ಲಿ.

ಕೋಚ್: ಬೇರೆ ಊರಿನೋರಿಗೆ ನಮ್ಮ ಬೆಲೆ ಗೊತ್ತು. ಈ ವರ್ಷ ನಾಲ್ಕು ಕಾಲೇಜಿನೋರು ಅವರ ಹಳೇ ವಿದ್ಯಾರ್ಥಿಗಳು ಸೇರೋ ಹಬ್ಬದ ದಿನ ಆಡೋಕೆ ನಮ್ಮನ್ನೇ ಕರೆದಿದಾರೆ. ನಮ್ಮನ್ನೇ ಯಾಕೆ ಕರೀತಾರೆ, ಹೇಳು ನೋಡೋಣ.

ವೆಂಡೆಲ್: ನವೆಂಬರ್ ಹಬ್ಬದೂಟಕ್ಕೆ ಟರ್ಕಿ ಕೋಳೀನೂ ಮರ್ಯಾದೆಯಿಂದಲೇ ಕರೀತಾರೆ, ಮರ್ಲ್.

ಕೋಚ್: ಕೋಳಿ ಸುದ್ದಿ ಎತ್ಬೇಡ.

ವೆಂಡೆಲ್: ನಾನು ಎತ್ತಿದ್ದಲ್ಲ. ತಂಡಕ್ಕೆ ಹುಲ್ಲುಕೋಳಿಗಳು ಅಂತ ಹೆಸರಿಟ್ಟೋರು ನಿಮ್ಮೋರೇ. ಪಕ್ಕದ ಊರಿನವರು ಹುಲಿ, ತೋಳ ಅಂತ ಇಟ್ಕೊಂಡ್ರೆ ನಾವು ಅವರ ತಿಂಡಿಯ ಹೆಸರು ಇಟ್ಕೊಂಡ್ವಿ.

ನಾನು: ನೂರು ವರ್ಷದ ಹೆಸರು ಕಣೋ ಅದು. ಈ ಹುಲ್ಲುಗಾವಲಿನ ಹಕ್ಕಿ.

ವೆಂಡೆಲ್: ಆ ಹಕ್ಕಿಯ ಸಂತತೀನೂ ಈಗ ಕಮ್ಮಿಯಾಗಿದೆ. ಅದನ್ನ ನೋಡಿಯಾದ್ರೂ ಇವನು ಕಲೀಬೇಕು.

ಕೋಚ್: ಜನ ಬರ್ತಾರಲ್ಲ ನೋಡೋಕೆ. ಅವರಿಗೆ ಏನು ಹೇಳ್ತೀಯ?

ವೆಂಡೆಲ್: ಜನ ಬರೋದು ವಾದ್ಯಮೇಳ ನೋಡೋಕೆ. ಅರ್ಧ ಆಟಕ್ಕೆ ಅವರು ಬಾರಿಸಿ ಒಳಗೆ ಹೋದ ಮೇಲೆ ಉಳಿಯೋರು ಆಟಗಾರರ ತಾಯಂದಿರು ಮಾತ್ರ. ಅವರಿಗೂ ಬೇರೆ ದಾರಿ ಇಲ್ಲ, ಮಕ್ಕಳನ್ನ ಮನೆಗೆ ಕರ್ಕೊಂಡು ಹೋಗಬೇಕಲ್ಲ.

ಕೋಚ್: ನೀನು ಯಾವತ್ತು ನೋಡಿದೀಯ? ಮೂವತ್ತೊಂದು ವರ್ಷದಲ್ಲಿ ಒಂದ್ಸಲ ಬಂದಿದೀಯ ಮೈದಾನಕ್ಕೆ?

ವೆಂಡೆಲ್: ಪ್ಲೇಗು ಕೆಟ್ಟದ್ದು ಅಂತ ತಿಳಿಯೋಕೆ ಪ್ಲೇಗು ಬರಬೇಕಾಗಿಲ್ಲ.

ಕೋಚ್ ಚಮಚ ಕೆಳಗಿಟ್ಟ. ನನಗೆ ಭಯವಾಯಿತು. ಅವನು ಚಮಚ ಕೆಳಗಿಟ್ಟರೆ ನಿಜ ಹೇಳುತ್ತಾನೆ.

ಕೋಚ್: ಸರಿ. ನಿನ್ನ ಲ್ಯಾಟಿನ್ ತರಗತೀಲಿ ಎಷ್ಟು ಜನ ಇದಾರೆ?

ನಾನು ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ.

ಕೋಚ್: ಯಾಕೆ ಒದೀತೀಯ ಮಾರಾಯ್ತಿ? ಆಪರೇಷನ್ ಆದ ಮಂಡಿ ಅದು.

ವೆಂಡೆಲ್: ಅವಳು ಒದ್ದಿದ್ದು ನಾನು ಬೀಗ್ತೀನಿ ಅಂತ. ಬೀಗಬೇಕಾದ್ದೇ. ಹನ್ನೆರಡು ಜನ ಇದಾರೆ. ಏಳು ವರ್ಷದ ಹಿಂದೆ ನಾಲ್ಕೇ ಜನ ಇದ್ರು. ಎಂಟಕ್ಕಿಂತ ಕಮ್ಮಿಯಾದ್ರೆ ತರಗತಿ ರದ್ದು ಅಂತ ನಿಯಮ. ಬಾಗಿಲು ಹಾಕ್ತಾರೆ ಅಂತಿದ್ರು. ಮಾರನೇ ವರ್ಷ ಒಂಬತ್ತು ಜನ ಬಂದ್ರು. ಆಮೇಲೆ ಇಳೀಲೇ ಇಲ್ಲ.

ಕೋಚ್: ಅದು ಹೆಂಗಾಯ್ತು?

ವೆಂಡೆಲ್: ಕಾಲ ಬದಲಾಗ್ತಾ ಇದೆ. ಮಕ್ಕಳಿಗೆ ಪ್ರಾಚೀನದ ರುಚಿ ಹತ್ತಿದೆ. ಅದೂ ಎಂಥಾ ಮಕ್ಕಳು ಅಂತೀಯ? ಹೊಲದಲ್ಲಿ ಗೇದು ಬೆಳೆದ ಭುಜಗಳು. ಎರಡು ಕುರ್ಚಿ ಮುರಿದುಹೋಗಿವೆ. ಬೆಳಿಗ್ಗೆ ಎಂಟಕ್ಕೆ ತರಗತಿ, ವ್ಯಾಯಾಮ ಶಾಲೆಯ ನೆಲಮಾಳಿಗೆಯಲ್ಲಿ, ಇವಳು ಕೊಟ್ಟ ಕೋಣೆ. ಒಬ್ಬನಾದ್ರೂ ತಪ್ಪಿಸಲ್ಲ. ಹೋದ ವಾರ ಒಬ್ಬ ಊರುಗೋಲು ಹಿಡ್ಕೊಂಡು ಬಂದ. ಮನೇಲಿರಬಾರದಾ ಅಂದೆ. ತರಗತಿ ತಪ್ಪಿಸೋ ಹಾಗಿಲ್ಲ ಸರ್ ಅಂದ. ನಾನೇ ಎದ್ದು ಅವನಿಗೆ ಕುರ್ಚಿ ಎಳೆದುಕೊಟ್ಟೆ.

ಕೋಚ್: ತಪ್ಪಿಸಿದ್ರೆ ಮೈದಾನ ಹತ್ತು ಸುತ್ತು ಓಡ್ಬೇಕಲ್ಲ, ಅದಕ್ಕೆ.

ವೆಂಡೆಲ್: ಯಾರು ಓಡಬೇಕು?

ನಾನು: ವೆಲ್ಮಾ, ಕಾಫಿ.

ವೆಂಡೆಲ್: ಇನ್ನೊಂದು ಕೇಳು. ಶುಕ್ರವಾರ ಬಂತು ಅಂದ್ರೆ ಹುಡುಗರೆಲ್ಲ ಒಂದೇ ಬಣ್ಣದ ಅಂಗಿ ಹಾಕ್ಕೊಂಡು ಬರ್ತಾರೆ. ಬೆನ್ನ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಅಂಕಿ. ನಾನು ಹೇಳಿಕೊಟ್ಟಿದ್ದಲ್ಲ. ಅವರಾಗೇ ಮಾಡ್ಕೊಂಡಿದ್ದು. ತರಗತಿಯ ಮೇಲಿನ ಅಭಿಮಾನ.

ಕೋಚ್ ನನ್ನ ಮುಖ ನೋಡಿದ. ನಾನು ಬನ್ನು ನೋಡಿದೆ.

ವೆಲ್ಮಾ: ಏನು ಪ್ರೊಫೆಸರೇ, ಆ ಅಂಗಿಗಳು ಯಾವುದು ಅಂತ ನಿಜವಾಗ್ಲೂ ಗೊತ್ತಿಲ್ವಾ ನಿಮಗೆ?

ನಾನು: ವೆಲ್ಮಾ, ಒಳಗೆ ಏನೋ ಸೀದ ವಾಸನೆ.

ವೆಲ್ಮಾ: ಒಲೆ ಆರಿಸಿ ಅರ್ಧ ಗಂಟೆ ಆಯ್ತು.

ಆದರೂ ಹೋದಳು. ಒಳ್ಳೆಯವಳು. ವೆಂಡೆಲ್ ಜೇಬಿನಿಂದ ನಿರ್ಣಯದ ಕಾಗದ ತೆಗೆದು, ಕನ್ನಡಕ ಏರಿಸಿ, ಎರಡನೆಯ ಕಲಮು ಓದಿದ.

ವೆಂಡೆಲ್: "ಕೇವಲ ಫುಟ್‌ಬಾಲ್ ಆಡುವ ಸಲುವಾಗಿ ಈ ವಿಶ್ವವಿದ್ಯಾಲಯಕ್ಕೆ ಸೇರಿದ ತೊಂಬತ್ತನಾಲ್ಕು ವಿದ್ಯಾರ್ಥಿಗಳು, ತಂಡ ವಿಸರ್ಜನೆಯಾದ ಮೇಲೆ ಬಿಟ್ಟುಹೋದಲ್ಲಿ, ವಿದ್ಯೆಗೆ ಯಾವ ನಷ್ಟವೂ ಆಗದು."

ಕೋಚ್: ಆಗದು?

ವೆಂಡೆಲ್: ಆಗದು.

ಕೋಚ್: ನಿನ್ನ ಹನ್ನೆರಡರಲ್ಲಿ ಹನ್ನೊಂದು ನನ್ನವರು ಕಣಯ್ಯಾ.

ವೆಂಡೆಲ್ ನಕ್ಕ. ನಂತರ ನನ್ನ ಕಡೆ ತಿರುಗಿದ. ನಾನು ನಗಲಿಲ್ಲ.

ವೆಂಡೆಲ್: ಅರ್ಡಿತ್?

ನಾನು: ಹೌದು.

ವೆಂಡೆಲ್: ಹನ್ನೆರಡನೆಯವಳು? ಆ ಹೆಪ್ಪೆನ್‌ಸ್ಟಾಲ್ ಹುಡುಗಿ? ಅವಳು ಆಟಗಾರ್ತಿ ಅಲ್ವಲ್ಲ.

ನಾನು: ವಾದ್ಯಮೇಳದಲ್ಲಿ ದೊಡ್ಡ ಡೋಲು ಬಾರಿಸ್ತಾಳೆ.

ಅವನು ಕನ್ನಡಕ ತೆಗೆದು ಒರೆಸಿದ. ಅದರಲ್ಲಿ ಧೂಳೇನೂ ಇರಲಿಲ್ಲ.

ವೆಂಡೆಲ್: ಎಷ್ಟು ವರ್ಷದಿಂದ?

ನಾನು: ಆರು. ನಿನ್ನ ತರಗತಿ ಮುಚ್ಚೋ ಕಾಗದ ನನ್ನ ಮೇಜಿಗೇ ಬಂದಿತ್ತು. ಎಲ್ಲರೂ ಒಂದು ಪರಭಾಷೆ ಓದಲೇಬೇಕು ಅಂತ ನಿಯಮ ಇದೆ. ಸ್ಪ್ಯಾನಿಷ್, ಜರ್ಮನ್ ಎರಡೂ ಮಧ್ಯಾಹ್ನ. ಇವನ ತಂಡದ ಅಭ್ಯಾಸವೂ ಮಧ್ಯಾಹ್ನ. ಲ್ಯಾಟಿನ್‌ನ ಬೆಳಿಗ್ಗೆ ಎಂಟಕ್ಕೆ ಹಾಕಿದೆ. ವ್ಯಾಯಾಮ ಶಾಲೆಯ ಕೆಳಗೇ ಕೋಣೆ ಕೊಟ್ಟೆ. ಆಮೇಲೆ ಮರ್ಲ್‌ಗೆ ಹೇಳಿದೆ.

ಕೋಚ್: ನಾನು ಹುಡುಗರಿಗೆ ಹೇಳಿದೆ. ಲ್ಯಾಟಿನ್ ಮಾತಾಡೋರು ಯಾರೂ ಬದುಕಿಲ್ಲ ಕಣ್ರೋ, ನಿಮ್ಮ ಉಚ್ಚಾರ ಸರಿಯಿಲ್ಲ ಅಂತ ಹೇಳೋರೇ ಇಲ್ಲ ಅಂದೆ.

ವೆಂಡೆಲ್: ನಾನಿದೀನಲ್ಲ.

ಕೋಚ್: ನಿನ್ನ ವಿಷಯ ಹೇಳಿದ್ರೆ ಸೇರ್ತಿರಲಿಲ್ಲ.

ವೆಂಡೆಲ್: ಅಂದ್ರೆ ಆರು ವರ್ಷದಿಂದ ನನ್ನ ತರಗತಿ ನಡೀತಿರೋದು ನೀನು ಸುತ್ತು ಓಡಿಸ್ತೀಯ ಅನ್ನೋ ಭಯಕ್ಕೆ.

ಕೋಚ್: ಶುರುನಲ್ಲಿ ಹಂಗೇ ಇತ್ತು. ಈಗ ಬಸ್ಸಲ್ಲಿ ಹೇಳ್ಕೋತಾರೆ ಕಣಯ್ಯಾ. ಸೋತು ಬರೋವಾಗ ಮೂರು ಗಂಟೆ ದಾರಿ, ಯಾರಿಗೂ ಮಾತು ಬರಲ್ಲ. ಹಿಂದಿನ ಸೀಟಲ್ಲಿ ಒಬ್ಬ ಶುರು ಮಾಡ್ತಾನೆ. ನಿನ್ನ ಆ ವಿಭಕ್ತಿಗಳು. ಎಲ್ಲರೂ ಸೇರ್ಕೋತಾರೆ, ಪಲ್ಲವಿ ಹಂಗೆ. ಕೇಳೀ ಕೇಳೀ ನಂಗೂ ಮೂರನೇ ಗುಂಪಿನ ನಾಮಪದಗಳ ತನಕ ಬರುತ್ತೆ.

ವೆಂಡೆಲ್: ಎಲ್ಲರೂ ನಿಲ್ಲೋದು ಮೂರನೇದರಲ್ಲೇ.

ಬಟ್ಟಲಿನ ಚಿಲಿ ಆರಿ ಕೆನೆಗಟ್ಟಿತು. ನನ್ನ ಮೇಲೆ ಸಿಟ್ಟಾಗುತ್ತಾನೆ ಎಂದು ಕಾದೆ. ಅವನು ಪೆನ್ನು ತೆಗೆದ.

ಕೋಚ್: ಹಿಂದಕ್ಕೆ ತಗೋತಿದೀಯ?

ವೆಂಡೆಲ್: ತತ್ವ ತತ್ವವೇ. ನಿರ್ಣಯ ಇರುತ್ತೆ. ತಿದ್ದುಪಡಿ ಮಾಡ್ತಿದೀನಿ. ತಂಡವನ್ನ ಮುಚ್ಚತಕ್ಕದ್ದು, ಆಟಗಾರರನ್ನ ಮಾತ್ರ ಉಳಿಸಿಕೊಳ್ಳತಕ್ಕದ್ದು.

ಕೋಚ್: ಆಟಾನೇ ಇಲ್ದೆ ಆಟಗಾರರಾ?

ವೆಂಡೆಲ್: ಈಗ ಇನ್ನೇನಿದೆ?

ಕೋಚ್ ಎದ್ದು ಟೋಪಿ ಹಾಕಿಕೊಂಡ. ಬಾಗಿಲ ತನಕ ಹೋಗಿ ನಿಂತ.

ಕೋಚ್: ಮೂವತ್ತೊಂದು ವರ್ಷದಿಂದ ನಮ್ಮಿಬ್ಬರಿಗೂ ಗೆಲ್ಲೋಕೆ ಆಗಿಲ್ಲ ಕಣಯ್ಯಾ. ಆದ್ರೂ ಬೆಳಿಗ್ಗೆ ಎದ್ದು ಬರ್ತೀವಿ. ನಿಂಗೂ ನಂಗೂ ಏನು ವ್ಯತ್ಯಾಸ?

ವೆಂಡೆಲ್: ನನ್ನ ಸೋಲನ್ನ ಯಾರೂ ಟಿಕೆಟ್ ತಗೊಂಡು ನೋಡಲ್ಲ.

ಕೋಚ್ ಹೋದ ಮೇಲೆ ವೆಂಡೆಲ್ ಉಳಿದ ಬನ್ನು ತಿಂದ, ಕೋಚ್ ಬಿಟ್ಟುಹೋಗಿದ್ದ ಅರ್ಧವನ್ನೂ ತಿಂದ. ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟ. ಆಮೇಲೆ, ಹವಾಮಾನ ವಿಚಾರಿಸುವವನ ಹಾಗೆ, ಶನಿವಾರದ ಆಟ ಎಷ್ಟು ಗಂಟೆಗೆ ಎಂದು ಕೇಳಿದ.

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಮವಾರದ ಸಭೆಯಲ್ಲಿ, ಮಂಡಿಸುವವರು ಇಲ್ಲದ ಕಾರಣ ನಿರ್ಣಯ ಬಿದ್ದುಹೋಗಿದೆ ಎಂದು ಓದಿದರು. ಸಹಿ ಹಾಕಿದ್ದ ಹತ್ತೊಂಬತ್ತು ಜನರಲ್ಲಿ ಒಬ್ಬರೂ ನಾನು ಮಂಡಿಸುತ್ತೇನೆ ಎನ್ನಲಿಲ್ಲ. ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಂತರು. ತಂಡ ಉಳಿಯಿತು. ಲ್ಯಾಟಿನ್‌ಗೆ ಇನ್ನೂ ಮೇಷ್ಟರು ಸಿಕ್ಕಿಲ್ಲ. ಹನ್ನೆರಡು ಜನವೂ ಬೆಳಿಗ್ಗೆ ಎಂಟಕ್ಕೆ ಬಂದು, ಒಂದು ಗಂಟೆ ಕೂತು ಎದ್ದು ಹೋಗುತ್ತಾರಂತೆ. ಸುತ್ತು ಓಡಿಸುತ್ತೇನೆ ಎಂದು ತಾನು ಹೇಳಿಲ್ಲ ಎಂದು ಮರ್ಲ್ ಅಂದ. ಎರಡು ಸಲ ಅಂದ.

ಶನಿವಾರ ಗಾಳಿ ಜೋರಾಗಿತ್ತು. ವೆಂಡೆಲ್ ತರಗತಿಗೆ ಹಾಕುವ ಕೋಟು, ಟೈಯಲ್ಲೇ ಬಂದ. ನಾಲ್ಕು ಸಾವಿರ ಜನ ಕೂರುವ ಜಾಗದಲ್ಲಿ ಇನ್ನೂರು ಜನರಿದ್ದರು. ವಾದ್ಯಮೇಳ ಬಾರಿಸಿ ಹೋದ ಮೇಲೆ ಅರವತ್ತು ಉಳಿದರು. ನಮ್ಮ ಮುಂದಿನ ಸಾಲಿನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷೆ ಡಾಕ್ಟರ್ ಹ್ಯಾಲ್ವರ್ಸನ್, ದೊಡ್ಡ ಉಣ್ಣೆ ಟೋಪಿ ಹಾಕಿ ಕೂತಿದ್ದರು.

ವೆಂಡೆಲ್: ನಮ್ಮವರು ಯಾರು?

ನಾನು: ಕೆಳಗೆ ಬಿದ್ದಿರೋರು.

ವೆಂಡೆಲ್: ಆ ಐವತ್ತೊಂಬತ್ತು ಯಾರು?

ನಾನು: ಡುಸೆಕ್.

ವೆಂಡೆಲ್: ಅವನಿಗೆ ಕ್ರಿಯಾಪದ ಬರಲ್ಲ.

ನಾನು: ಇಲ್ಲೂ ಬರಲ್ಲ.

ವೆಂಡೆಲ್: ಯಾಕೆ ಎಲ್ಲರೂ ಒಬ್ಬನ ಮೇಲೇ ಬೀಳ್ತಾರೆ?

ನಾನು: ಚೆಂಡು ಅವನ ಹತ್ತಿರ ಇದೆಯಲ್ಲ.

ವೆಂಡೆಲ್: ಕೊಟ್ಟುಬಿಡಬಾರದಾ?

ನಾನು: ಹೆಚ್ಚಾಗಿ ಕೊಟ್ಟುಬಿಡ್ತಾರೆ.

ಆಟದ ಮೂರನೆಯ ಕಾಲುಭಾಗದಲ್ಲಿ, ಗಡಿಯಾರದಲ್ಲಿ ಇನ್ನೇನು ಮೂರಾಗುವ ಹೊತ್ತಿಗೆ, ಎದುರಾಳಿಗಳು ಮೂವತ್ತೆಂಟು, ನಾವು ಸೊನ್ನೆ. ಆಗ ಅವರಲ್ಲೊಬ್ಬ ಚೆಂಡು ಕೈಜಾರಿಸಿದ. ಅದು ಉರುಳಿ, ಪುಟಿದು, ಎಪ್ಪತ್ತೆರಡನೆಯ ಅಂಕಿಯ ಕ್ಲಾಸನ್ ಎಂಬ ಹುಡುಗನ ಎದೆಗೆ ಬಡಿದು ಕೈಯಲ್ಲೇ ಉಳಿಯಿತು. ಅಡ್ಡ ನಿಂತು ತಳ್ಳುವುದಷ್ಟೇ ಅವನ ಕೆಲಸ. ನಾಲ್ಕು ವರ್ಷದಲ್ಲಿ ಚೆಂಡು ಮುಟ್ಟಿರಲಿಲ್ಲ. ಅವನು ಅದನ್ನು ಒಂದು ಕ್ಷಣ ನೋಡಿದ. ಆಮೇಲೆ ಕಂಕುಳಲ್ಲಿ ಅವುಚಿಕೊಂಡು ಓಡತೊಡಗಿದ, ಸರಿಯಾದ ದಿಕ್ಕಿಗೇ. ಗೆರೆಯಾಚೆ ಮರ್ಲ್, ಆಪರೇಷನ್ ಆದ ಮಂಡಿ ಎಳೆದುಕೊಂಡು ಜೊತೆಗೇ ಓಡುತ್ತಿದ್ದ. ಅರವತ್ತು ಜನರೂ ಎದ್ದು ನಿಂತರು. ಡಾಕ್ಟರ್ ಹ್ಯಾಲ್ವರ್ಸನ್ ಟೋಪಿ ಸಮೇತ ಎದ್ದರು.

ವೆಂಡೆಲ್ ಅಧ್ಯಕ್ಷೆಯ ಭುಜ ತಟ್ಟಿದ.

ವೆಂಡೆಲ್: ಕೂತ್ಕೊಳ್ಳಿ ಮೇಡಂ. ನನ್ನ ವಿದ್ಯಾರ್ಥಿ ಓಡ್ತಿದಾನೆ, ಕಾಣಿಸ್ತಿಲ್ಲ.

ಅವರಿಗೆ ಕೇಳಿಸಲಿಲ್ಲ, ಕೂರಲಿಲ್ಲ. ಎಡಕ್ಕೆ ಬಲಕ್ಕೆ ಮೂರು ಸಾವಿರದ ಒಂಬೈನೂರು ಜಾಗ ಖಾಲಿ ಇದ್ದವು. ವೆಂಡೆಲ್ ಒಂದು ಕೈ ನನ್ನ ಹೆಗಲ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಕೋಟು ಎತ್ತಿ ಹಿಡಿದು, ಬೆಂಚಿನ ಮೇಲೆ ಹತ್ತಿ ನಿಂತ.