ಪರರ ಚೀಲದೊಳಗೆ ನನ್ನ ಕಣ್ಣು

ಇನ್ನೊಬ್ಬರ ಚೀಲದೊಳಗೆ ಇಣುಕುವುದು ಸಭ್ಯತೆಯಲ್ಲ ಎಂಬುದು ನನಗೂ ಗೊತ್ತು. ಆದರೆ ನನ್ನನ್ನು ಗೇಟಿನ ಕಾವಲಿಗೆ ಅವಿರೋಧವಾಗಿ ಆರಿಸಿದ್ದರು! ಅವಿರೋಧವಾಗಿ ಅಂದರೆ, ಬೆಳಿಗ್ಗೆ ಆರೂವರೆಗೆ ಏಳಲು ಬೇರೆ ಯಾರೂ ತಯಾರಿರಲಿಲ್ಲ.

ಲಾಕ್‌ಡೌನ್ ಶುರುವಾಗಿ ಮೂರನೆಯ ವಾರ. ಚೆನ್ನೈನ ಕ್ರೋಂಪೇಟೆಯಲ್ಲಿ ನಮ್ಮದು ಹದಿನಾರು ಮನೆಗಳ ಕಟ್ಟಡ. ಹೊರಗೆ ಹೋಗಿ ಬಂದವರು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡೇ ಒಳಗೆ ಬರಬೇಕು, ಅದನ್ನು ನೋಡಿಕೊಳ್ಳಲು ಗೇಟಿನ ಹತ್ತಿರ ಒಬ್ಬರು ಕೂರಬೇಕು ಎಂದು ಸಂಘದವರು ತೀರ್ಮಾನಿಸಿದರು. ನಾನು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಅಂದರೆ ಜನರನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ. ಆಫೀಸು ಮುಚ್ಚಿತ್ತು. ಅನುಮಾನ ಮುಚ್ಚಿರಲಿಲ್ಲ.

ಮೊದಲ ದಿನ ನಾನು ಬಂದವರ ಕೈಗಳನ್ನಷ್ಟೇ ನೋಡಿದೆ. ಎರಡನೆಯ ದಿನ ಕೈಯಲ್ಲಿದ್ದ ಚೀಲಗಳು ಕಣ್ಣಿಗೆ ಬಿದ್ದವು. ಮೂರನೆಯ ದಿನದ ಹೊತ್ತಿಗೆ, ಚೀಲದ ಉಬ್ಬು ನೋಡಿಯೇ ಒಳಗೆ ಎಷ್ಟು ಆಲೂಗಡ್ಡೆ ಇದೆ ಎಂದು ಹೇಳುವ ಮಟ್ಟಕ್ಕೆ ಬಂದಿದ್ದೆ.

ಏನು ಜನ, ಏನು ಜನ! ದೇಶಕ್ಕೆ ದೇಶವೇ ಮನೆಯೊಳಗೆ ಕೂತಿರುವಾಗ ಮೊದಲನೇ ಮಹಡಿಯ ನವದಂಪತಿ ಎರಡು ಚೀಲ ಚಿಪ್ಸ್ ಹೊತ್ತು ತಂದರು. ಎರಡನೇ ಮಹಡಿಯ ರಾಮಾನುಜಂ ರೈಲ್ವೆಯಲ್ಲಿ ಜವಾಬ್ದಾರಿಯ ಹುದ್ದೆಯಲ್ಲಿರುವವರು. ಅಂಥವರು ದಿನಾ ಬೆಳಿಗ್ಗೆ ಏಳಕ್ಕೆ ಹೊರಟು ಎಂಟೂವರೆಗೆ ವಾಪಸು ಬರುತ್ತಿದ್ದರು. ಚೀಲದ ಬಾಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಒಂದು ಕಟ್ಟು ಕೊತ್ತಂಬರಿಗೆ ಒಂದೂವರೆ ಗಂಟೆ! ಇನ್ನು ಕೆಳಮನೆಯ ಕಮಲಾ ಟೀಚರ್. ನಿವೃತ್ತ ಗಣಿತದ ಮೇಡಂ, ಮನೆಯಲ್ಲಿ ಒಬ್ಬರೇ. ಮೂರು ದಿನಕ್ಕೊಮ್ಮೆ ಎಂಟು ಪ್ಯಾಕೆಟ್ ಬಿಸ್ಕತ್ತು. ಲೆಕ್ಕದ ಮೇಡಂ ಆದವರಿಗೆ ಈ ಲೆಕ್ಕ ತಪ್ಪೆಂದು ಗೊತ್ತಾಗಬೇಡವೇ?

ಎಲ್ಲವನ್ನೂ ನಾನು ಹೆಂಡತಿ ವಸಂತಿಗೆ ವರದಿ ಮಾಡುತ್ತಿದ್ದೆ. ಕೆಲಸದವಳು ಬರುತ್ತಿರಲಿಲ್ಲವಾಗಿ ಅವಳು ನೆಲ ಒರೆಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಅಥವಾ ನಾನು ಹಾಗೆಂದುಕೊಂಡಿದ್ದೆ.

"ಒಬ್ಬರೇ ಇರೋರಿಗೆ ಎಂಟು ಪ್ಯಾಕೆಟ್ ಬಿಸ್ಕತ್ತು ಯಾಕೆ ಬೇಕು ಅಂತೀನಿ."

"ಅವರ ಬಾಯಿ, ಅವರ ಬಿಸ್ಕತ್ತು. ನಿಮಗೇನ್ರೀ? ಕಾಲೆತ್ತಿ."

"ಇದು ಕೂಡಿಡೋ ಬುದ್ಧಿ ವಸಂತಿ. ಇಂಥವರಿಂದಲೇ ಅಂಗಡಿ ಖಾಲಿಯಾಗೋದು."

"ನೀವು ಕೊನೇ ಸಲ ಅಂಗಡಿಗೆ ಹೋಗಿದ್ದು ಯಾವಾಗ ಹೇಳಿ ನೋಡೋಣ."

ನೆನಪಾಗಲಿಲ್ಲ. ಆದರೆ ಅದು ಇಲ್ಲಿ ಅಪ್ರಸ್ತುತ ಎಂದೆ. ಪ್ಲಸ್ ಟೂ ಓದುತ್ತಿದ್ದ ಮಗಳು ಅನು ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಇದೆಲ್ಲಾಂ ತೇವೆಯಾ?" ಎಂದಳು. ಇದೆಲ್ಲ ಬೇಕಾ ಎಂದು. ನಮ್ಮ ಮಗಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಅವಮಾನ ಮಾತ್ರ ತಮಿಳಿನಲ್ಲಿ ಮಾಡುತ್ತಾಳೆ.

ಸಮಾಜ ದಾರಿ ತಪ್ಪುತ್ತಿರುವಾಗ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಒಂದು ಸುತ್ತೋಲೆ ತಯಾರಿಸಿದೆ. ಇಂಗ್ಲಿಷಿನಲ್ಲೇ ಬರೆದೆ. ನನ್ನ ತಮಿಳು ಆಟೋದವರ ಜೊತೆ ಜಗಳಕ್ಕೆ ಸಾಕು, ಉಪದೇಶಕ್ಕೆ ಸಾಲದು. 'ಸಂಯಮದ ಖರೀದಿ' ಎಂದು ತಲೆಬರಹ, ಅದರ ಕೆಳಗೆ ಐದು ನಿಯಮಗಳು. ಮೂರನೆಯ ನಿಯಮ ಹೀಗಿತ್ತು: 'ಯಾವುದೇ ವಸ್ತುವನ್ನು ಎರಡಕ್ಕಿಂತ ಹೆಚ್ಚು ಕೊಳ್ಳತಕ್ಕದ್ದಲ್ಲ.' ನಾಲ್ಕನೆಯದು: 'ಕೊತ್ತಂಬರಿ ಸೊಪ್ಪು ಅತ್ಯಾವಶ್ಯಕ ವಸ್ತುವಲ್ಲವೆಂಬುದನ್ನು ನಿವಾಸಿಗಳು ಗಮನಿಸತಕ್ಕದ್ದು.' ಹೆಸರು ಹಾಕಲಿಲ್ಲ. ಅಷ್ಟು ಸೌಜನ್ಯ ನನಗಿದೆ. ಲಿಫ್ಟಿನ ಬಾಗಿಲ ಪಕ್ಕ ಅಂಟಿಸಿದೆ.

ಮರುದಿನ ಕಮಲಾ ಟೀಚರ್ ಗೇಟಿನ ಹತ್ತಿರ ಬಂದಾಗ ನಾನು ಚೀಲದ ಕಡೆ ನೋಡಿ ಗಂಟಲು ಸರಿಮಾಡಿಕೊಂಡೆ. "ನೀಂಗ ಎನ್ನ, ಕಸ್ಟಮ್ಸ್ ಆಫೀಸರಾ?" ಎಂದು ಕೇಳಿ, ಸ್ಯಾನಿಟೈಸರ್ ನನ್ನ ಕಡೆಗೇ ಚಿಮ್ಮುವಂತೆ ಕೈ ಒದರಿ ಹೋದರು.

ಅವರ ಹಿಂದೆಯೇ ರಾಮಾನುಜಂ ಬಂದರು. ಅದೇ ಚೀಲ, ಅದೇ ಸೊಪ್ಪು.

"ಸಾರ್, ಕೊತ್ತಂಬರಿ ಇಲ್ಲದಿದ್ದರೆ ನಿಮ್ಮ ಮನೆ ರಸಕ್ಕೆ ಕೋಪ ಬರುತ್ತಾ?" ಎಂದು ತಮಿಳಿನಲ್ಲಿ ಕೇಳಿದೆ. ನನಗೇ ಮೆಚ್ಚುಗೆಯಾಯಿತು. ಎದುರಿನ ಬಾಲ್ಕನಿಯಲ್ಲಿ ಯಾರೋ ನಕ್ಕರು ಕೂಡ.

ರಾಮಾನುಜಂ ನಗಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದರು. ಮಾರನೆಯ ದಿನ ಅವರು ಹೊರಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸಮಾಜ ಸುಧಾರಣೆ ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಶುರುಮಾಡುತ್ತಿದ್ದೆ!

ಮೂರನೆಯ ದಿನ ಬೆಳಿಗ್ಗೆ ಟಿವಿಯಲ್ಲಿ ಸುದ್ದಿ ಬಂತು. ನಾಳೆಯಿಂದ ನಾಲ್ಕು ದಿನ ಸಂಪೂರ್ಣ ಬಂದ್. ಕಿರಾಣಿ ಅಂಗಡಿಯೂ ಇಲ್ಲ. ಏನಿದ್ದರೂ ಇವತ್ತು ಮಧ್ಯಾಹ್ನದೊಳಗೆ. ಅದೇ ಹೊತ್ತಿಗೆ ವಸಂತಿ ಒದ್ದೆ ನೆಲದ ಮೇಲೆ ಜಾರಿ ಕಾಲು ಉಳುಕಿಸಿಕೊಂಡಳು. ಅನುವಿಗೆ ಆನ್‌ಲೈನ್ ಪರೀಕ್ಷೆ. ಉಳಿದವನು ನಾನೊಬ್ಬ.

"ತೊಗರಿಬೇಳೆ, ರವೆ, ಅಡುಗೆ ಎಣ್ಣೆ, ಕಾಫಿಪುಡಿ. ನಾಲ್ಕೇ ನಾಲ್ಕು. ಬರ್ಕೊಳ್ರೀ."

"ನಾಲ್ಕು ಸಾಮಾನಿಗೆ ಚೀಟಿ ಬೇರೆ ಕೇಡು! ಸಂಯಮದ ಖರೀದಿ ಹೇಗಿರುತ್ತೆ ಅಂತ ಇವತ್ತು ಇಡೀ ಬಿಲ್ಡಿಂಗು ನೋಡಲಿ."

ಗೇಟಿನ ನನ್ನ ಕುರ್ಚಿಯಲ್ಲಿ ನಾನು ವಾಪಸು ಬರುವವರೆಗೆ ಕೂರಲು ಕಮಲಾ ಟೀಚರ್ ತಾವಾಗಿಯೇ ಮುಂದೆ ಬಂದರು. ನಾನು ಅದನ್ನು ಸಹಕಾರ ಮನೋಭಾವ ಎಂದುಕೊಂಡೆ.

ಅಂಗಡಿಯ ಮುಂದಿನ ಸಾಲು ಬೀದಿ ತಿರುವಿನವರೆಗೂ ಇತ್ತು. ರಸ್ತೆಯ ಮೇಲೆ ಸುಣ್ಣದಲ್ಲಿ ಬಳೆಯಂತೆ ವೃತ್ತಗಳು, ಒಂದೊಂದರಲ್ಲಿ ಒಬ್ಬೊಬ್ಬರು. ನಾನು ನನ್ನ ವೃತ್ತದಲ್ಲಿ ನಿಂತು ಮುಂದಿದ್ದವರ ದುರಾಸೆಯನ್ನು ಮನಸ್ಸಿನಲ್ಲೇ ಖಂಡಿಸುತ್ತಿದ್ದೆ. ಆಗ ಮುಂದಿನ ವೃತ್ತದವನು ತಿರುಗಿ, "ನಾಲ್ಕು ದಿನ ಅಂತಾರೆ ಸಾರ್. ನಲವತ್ತು ಆಗುತ್ತೆ ನೋಡ್ತಾ ಇರಿ. ನನ್ನ ಭಾವ ಹೇಳಿದ," ಎಂದ.

ಅವನ ಭಾವ ಯಾರೆಂದು ನನಗೆ ಗೊತ್ತಿಲ್ಲ. ಆದರೆ ಆ ಕ್ಷಣ ಭಾವನಷ್ಟು ನಂಬಿಕಸ್ಥ ವ್ಯಕ್ತಿ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಅನ್ನಿಸಿತು. ನಲವತ್ತು ದಿನ! ಒಳಗಿಂದ ಬರುವವರೆಲ್ಲ ಎರಡೆರಡು ಮೂಟೆ ಹೊತ್ತು ಬರುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ನಾನು ಬೇರೆಯೇ ಮನುಷ್ಯನಾಗಿದ್ದೆ.

ಒಳಗೆ ಕಾಲಿಟ್ಟೆ. ನಮ್ಮ ಊರಿನ ಬಿಸಿಲು, ಮೂಗಿನ ಮೇಲೆ ಮಾಸ್ಕು, ಮಾಸ್ಕಿನ ಮೇಲೆ ಕನ್ನಡಕ. ಎರಡು ಉಸಿರಿಗೆ ಕನ್ನಡಕ ಪೂರ್ತಿ ಮಬ್ಬಾಯಿತು. ಒರೆಸಲು ನಿಂತರೆ ಹಿಂದಿನವರು ದೂಡುತ್ತಾರೆ. ಚೀಟಿ ಇದ್ದಿದ್ದರೂ ಓದಲಾಗುತ್ತಿರಲಿಲ್ಲ ಎಂಬುದೊಂದೇ ಸಮಾಧಾನ. ಹಳದಿಯಾಗಿ ಕಂಡಿತು: ತೊಗರಿಬೇಳೆ! ಹನ್ನೊಂದು ಪ್ಯಾಕೆಟ್ ಎಳೆದುಕೊಂಡೆ. ಬೆಳ್ಳಗೆ ಕಾಳುಕಾಳಾಗಿ ಕಂಡಿತು: ರವೆ! ಆರು ಕಿಲೋ. ಬಾಟಲಿಗಳು ಕಂಡವು: ಎಣ್ಣೆ! ಎಂಟು. ಪಕ್ಕದಲ್ಲಿ ಒಬ್ಬ ಹೆಂಗಸು ಯಾವುದೋ ದೊಡ್ಡ ಮೆತ್ತನೆಯ ಪ್ಯಾಕಿಗೆ ಕೈಹಾಕಿದರು. ಏನೆಂದು ಗೊತ್ತಿಲ್ಲದಿದ್ದರೂ, ಅವರಿಗೆ ಬೇಕಾದದ್ದು ನನಗೆ ಬೇಡವೇ? ಟಿಶ್ಯೂ ಪೇಪರ್ ಇರಬೇಕು ಎಂದುಕೊಂಡು ಉಳಿದ ಮೂರನ್ನೂ ಬಾಚಿಕೊಂಡೆ. ಆಕೆ ನನ್ನನ್ನು ಬಹಳ ಕನಿಕರದಿಂದ ನೋಡಿದರು. ಸೋತವರ ನೋಟ ಎಂದುಕೊಂಡೆ.

ಅಂಗಡಿಯವನು ಎಲ್ಲವನ್ನೂ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ತುಂಬಿ ಕೊಟ್ಟ. ಮೆತ್ತನೆಯ ಪ್ಯಾಕುಗಳು ಮೇಲೆ. ಆಟೋ ಇಲ್ಲ. ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಐವತ್ತಮೂರರ ವಯಸ್ಸಿನಲ್ಲಿ, ಉರಿಬಿಸಿಲಲ್ಲಿ ನಡೆದು ಬಂದೆ.

ಗೇಟಿನಲ್ಲಿ ಕಮಲಾ ಟೀಚರ್ ನನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಪೆಟ್ಟಿಯೆ ತೊರಂಗ ಸಾರ್," ಎಂದರು. ಪೆಟ್ಟಿಗೆ ತೆರೆಯಬೇಕಂತೆ.

"ಮೇಡಂ, ಕೈ ನೋಡೋದಷ್ಟೇ ನಿಯಮ."

"ಅಪ್ಪಡಿಯಾ? ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ!"

ಮೂವತ್ತೈದು ವರ್ಷ ಕೊನೆಯ ಬೆಂಚಿನವರೆಗೂ ಕೇಳಿಸಿದ ಗಂಟಲು. ಒಂದೊಂದೇ ಬಾಲ್ಕನಿಯಲ್ಲಿ ತಲೆಗಳು ಮೂಡಿದವು. ಟೀಚರ್ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆದು, ಹಾಜರಿ ಕೂಗುವಂತೆ ಹೆಸರು ಹೇಳಿ ಮೇಜಿನ ಮೇಲಿಟ್ಟರು. ಹೊರಗೆ ಗಾಳಿಯಾಡಿ ನನ್ನ ಕನ್ನಡಕವೂ ಈಗ ತಿಳಿಯಾಗಿತ್ತು. ಆಗಬಾರದಿತ್ತು.

"ಕಸ್ಟರ್ಡ್ ಪೌಡರ್. ಹನ್ನೊಂದು." ಅದು ತೊಗರಿಬೇಳೆ.

"ಜವ್ವರಿಸಿ. ಆರು ಕಿಲೋ." ಅಂದರೆ ಸಬ್ಬಕ್ಕಿ. ಅದು ರವೆ.

"ವಿನಿಗರ್. ಎಂಟು ಬಾಟಲಿ." ಅದು ಎಣ್ಣೆ.

ಕೊನೆಗೆ, ಆಗಲೇ ಪಕ್ಕಕ್ಕಿಟ್ಟಿದ್ದ ಮೆತ್ತನೆಯ ಪ್ಯಾಕನ್ನು ಎತ್ತಿ, ಹೆಸರು ಓದಿ, ಒಂದು ಕ್ಷಣ ತಡೆದರು. ಅವರಿಗೇ ಸಂಕೋಚವಾಗಿರಬೇಕು. ಆದರೆ ಚಿತ್ರ ಎಲ್ಲರಿಗೂ ಕಾಣುತ್ತಿತ್ತು. ನಗುವ ವೃದ್ಧರೊಬ್ಬರ ಚಿತ್ರ. ದೊಡ್ಡವರ ಡೈಪರ್. ಮೂರು ಪ್ಯಾಕು!

ಚಿಪ್ಸ್ ದಂಪತಿಯ ಬಾಲ್ಕನಿಯಿಂದ ನಗು ಕೆಳಗೆ ಸುರಿಯಿತು. "ಸಾರ್, ಮೂಣಾವದು ರೂಲ್ ಎನ್ನ?" ಎಂದು ಯಾರೋ ಕೂಗಿದರು. ನನ್ನದೇ ಮೂರನೇ ನಿಯಮ. ಮೇಲಿನಿಂದ ಅನು, "ಅಪ್ಪಾ, ಉಳ್ಳೆ ವಾಪ್ಪಾ, ಪ್ಲೀಸ್!" ಎಂದು ಅಳುವ ದನಿಯಲ್ಲಿ ಒಳಗೆ ಕರೆದಳು.

ಮನೆ ಸೇರಿದಾಗ ವಸಂತಿ ಕುಂಟುತ್ತಾ ಬಂದು ಪೆಟ್ಟಿಗೆ ನೋಡಿದಳು.

"ಬೇಳೆ?"

ನಾನು ಕಸ್ಟರ್ಡ್ ತೋರಿಸಿದೆ.

"ಕಾಫಿಪುಡಿ?"

ಕಾಫಿಪುಡಿ! ಅದನ್ನು ತಪ್ಪಾಗಿ ಕೂಡ ತಂದಿರಲಿಲ್ಲ.

"ನಾಳೆ ಬೆಳಿಗ್ಗೆ ಈ ವಿನಿಗರ್‌ನಲ್ಲೇ ಡಿಕಾಕ್ಷನ್ ಇಳಿಸ್ಲೇನ್ರೀ?" ಎಂದು ಕೇಳಿದಳು. ಅವಳು ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿ ಬೇರೆ ದಾರಿ ಹುಡುಕುವವಳಂತೆ ಕೇಳಿದಳು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ರಾಮಾನುಜಂ. ಆರಡಿ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಇವರೂ ನಗಲು ಬಂದರೆಂದು ನಾನು ಮುಖ ಗಟ್ಟಿಮಾಡಿಕೊಂಡೆ.

"ರಾವ್ ಸಾರ್, ಆ ಪ್ಯಾಕೆಟ್... ನಿಮಗೆ ಬೇಕಾ?"

"ಯಾವ ಪ್ಯಾಕೆಟ್?"

"ಡೈಪರ್," ಎಂದರು, ಬಹಳ ಮೆಲ್ಲಗೆ. "ಅಪ್ಪ ಹಾಸಿಗೆ ಹಿಡಿದು ಎಂಟು ತಿಂಗಳಾಯಿತು. ದಿನಾ ನಾಲ್ಕು ಮೆಡಿಕಲ್ ಶಾಪ್ ಸುತ್ತಿದರೆ ಒಂದು ಸಣ್ಣ ಪ್ಯಾಕ್ ಸಿಗುತ್ತಿತ್ತು. ಊರಿಗೆಲ್ಲ ಗೊತ್ತಾಗೋದು ಅಪ್ಪನಿಗೆ ಇಷ್ಟ ಇಲ್ಲ. ಹೆಡ್ ಮಾಸ್ಟರ್ ಆಗಿದ್ದವರು. ಅದಕ್ಕೇ ಮೇಲೆ ಸೊಪ್ಪು ಇಟ್ಟು ತರುತ್ತಿದ್ದೆ."

"ನಡುವೆ ಎರಡು ದಿನ ನೀವು ಹೋಗಲಿಲ್ಲ."

"ಮುಂದಿನ ಸಲ ಚೀಲ ತೆರೆಯಿರಿ ಅಂತೀರೇನೋ ಅನ್ನಿಸಿತು. ಇವತ್ತು ಹೋದೆ, ಎಲ್ಲೂ ಸಿಗಲಿಲ್ಲ. ಹಳೆ ಪಂಚೆ ಹರಿದು..."

ಇಪ್ಪತ್ತಾರು ವರ್ಷದಲ್ಲಿ ನಾನು ಎಷ್ಟೋ ಸುಳ್ಳು ಕ್ಲೇಮುಗಳನ್ನು ಹಿಡಿದಿದ್ದೇನೆ. ಒಬ್ಬ ಮಗ ತನ್ನ ಅಪ್ಪನ ಮಾನವನ್ನು ಸೊಪ್ಪಿನ ಕೆಳಗೆ ಮುಚ್ಚಿಟ್ಟುಕೊಂಡು ನನ್ನ ಮುಂದೆಯೇ ದಿನಾ ಹಾದುಹೋಗಿದ್ದ. ನನಗೆ ಕಂಡದ್ದು ಸೊಪ್ಪು. ಮೂರೂ ಪ್ಯಾಕನ್ನು ತಂದು ನಡುವೆ ನೆಲದ ಮೇಲಿಟ್ಟು ಹಿಂದೆ ಸರಿದೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. "ಸೈಜ್ ಸರಿಯಾಗಿದೆ," ಎಂದರು ಅವರು, ನನ್ನನ್ನು ಅದರಿಂದ ಪಾರುಮಾಡುವಂತೆ.

ನೇರವಾಗಿ ಕೆಳಗೆ ಹೋಗಿ ಸುತ್ತೋಲೆಯನ್ನು ಕಿತ್ತೆ. ಗೋಂದು ಜಾಸ್ತಿ ಹಾಕಿದ್ದೆ. ಅರ್ಧ ಬಂತು, ನಾಲ್ಕನೇ ನಿಯಮ ಮಾತ್ರ ಗೋಡೆಯನ್ನು ಬಿಡಲಿಲ್ಲ. ಉಗುರಿನಿಂದ ಕೆರೆಯುತ್ತಿದ್ದಾಗ ಕಮಲಾ ಟೀಚರ್ ಬಾಗಿಲು ತೆರೆದರು. ನನಗೆ ಆಗ ಜ್ಞಾನೋದಯವಾಗಿತ್ತಲ್ಲ! ಪ್ರತಿ ಚೀಲದಲ್ಲೂ ಒಂದು ಮರೆಯಾದ ಮಹಾತ್ಯಾಗ ಇರುತ್ತದೆ ಎಂದು ಮನಸ್ಸು ಆರ್ದ್ರವಾಗಿತ್ತು.

"ಟೀಚರ್, ನನ್ನನ್ನು ಕ್ಷಮಿಸಬೇಕು. ನೀವು ಆ ಬಿಸ್ಕತ್ತುಗಳನ್ನು ಯಾರಿಗೋ ಹಸಿದವರಿಗೆ ಕೊಡುತ್ತಿದ್ದಿರಿ. ನನಗೆ ತಿಳಿಯಲಿಲ್ಲ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಇಲ್ಲೆ ಸಾರ್. ನಾನೇ ತಿಂತೀನಿ. ನಂಗೆ ಬಿಸ್ಕತ್ತು ಅಂದ್ರೆ ಇಷ್ಟ."

"ಎಂಟು ಪ್ಯಾಕೆಟ್ಟೂ?"

"ನಿಮಗೇನು?" ಎಂದರು. ನ್ಯಾಯವಾದ ಪ್ರಶ್ನೆ. ಒಳಗೆ ಹೋಗಿ ಒಂದು ಡಬ್ಬಿ ಕಾಫಿಪುಡಿ ತಂದು ಕೊಟ್ಟರು. ವಸಂತಿ ಫೋನ್ ಮಾಡಿದ್ದಳಂತೆ. "ನನ್ನ ಹತ್ತಿರ ಐದು ಇದೆ. ಕೂಡಿಟ್ಟಿದ್ದು," ಎಂದು ಕೊನೆಯ ಪದವನ್ನು ಸ್ವಲ್ಪ ಎಳೆದರು. ನಾನು ಎರಡೂ ಕೈಯಲ್ಲಿ ಇಸಿದುಕೊಂಡೆ.

ನಾಲ್ಕು ದಿನ ಸಬ್ಬಕ್ಕಿ ಉಪ್ಪಿಟ್ಟು, ಸಬ್ಬಕ್ಕಿ ಪಾಯಸ, ಸಬ್ಬಕ್ಕಿ ಗಂಜಿ. ಅನು ಮೂರನೆಯ ದಿನದಿಂದ ನನ್ನ ಜೊತೆ ತಮಿಳಿನಲ್ಲಿ ಕೂಡ ಮಾತಾಡಲಿಲ್ಲ. ಗೇಟಿನ ಕೆಲಸದಿಂದ ನನ್ನನ್ನು ಬಿಡುಗಡೆ ಮಾಡಿದರು. ಆ ತೀರ್ಮಾನಕ್ಕೆ ಎಲ್ಲರೂ ಕೈ ಎತ್ತಿದರು, ನನ್ನ ಹೆಂಡತಿಯೂ ಸೇರಿ. ಇನ್ನು ಜನ್ಮದಲ್ಲಿ ಮತ್ತೊಬ್ಬರ ಖರೀದಿಯ ಬಗ್ಗೆ ಮಾತಾಡುವುದಿಲ್ಲ ಎಂದು ವಸಂತಿಯ ಮುಂದೆ ಆಣೆ ಮಾಡಿದೆ. ಮನಸ್ಸು ಹಗುರವಾಯಿತು.

ಐದನೆಯ ದಿನ ಅಂಗಡಿಗಳು ತೆರೆದವು. ನಾನು ಕಿಟಕಿಯ ಹತ್ತಿರ ಶಾಂತಚಿತ್ತನಾಗಿ ಕಾಫಿ ಕುಡಿಯುತ್ತಿದ್ದೆ. ಎದುರು ಕಟ್ಟಡದವನೊಬ್ಬ ಏದುಸಿರು ಬಿಡುತ್ತಾ ಬರುತ್ತಿದ್ದ.

"ವಸಂತಿ, ಮೂರು ಕಲ್ಲಂಗಡಿ! ಆ ಮನೇಲಿ ಇರೋರು ಇಬ್ಬರೇ..."

ವಸಂತಿ ಉಳುಕಿದ ಕಾಲಲ್ಲೇ ಎದ್ದು ಬಂದು ಕಿಟಕಿಯ ಪರದೆ ಎಳೆದಳು.

ನಾನು ಪರದೆಯ ಸಂದಿಯಿಂದ ನೋಡಿದೆ. ಮೂರಲ್ಲ, ನಾಲ್ಕು!