ಮೇಣ ಮೆತ್ತಿದ ತೆಂಗಿನಕಾಯಿ

ನಮ್ಮ ಸೋದರಮಾವನಿಗೆ ಏನೂ ಗೊತ್ತಿರಲಿಲ್ಲ! ಪ್ರೈಮರಿ ಶಾಲೆಯ ಮೇಷ್ಟ್ರು ಬೇರೆ. ಏನು ಕೇಳಿದರೂ "ನಂಗೇನ್ ಗೊತ್ತು? ನೋಡ್ಕಂಡ್ ಬಂದ್ ಹೇಳು" ಎನ್ನುವುದೇ ಉತ್ತರ. ಇರುವೆಗೆ ಕಾಲೆಷ್ಟು ಎಂದು ಕೇಳಿದ ತಪ್ಪಿಗೆ ನಾಲ್ಕನೇ ಕ್ಲಾಸಿನವರೆಲ್ಲ ಒಂದು ಮಧ್ಯಾಹ್ನ ಬೇಲಿ ಬದಿಯಲ್ಲಿ ಬೋರಲು ಬಿದ್ದಿದ್ದೆವು. ನಮಗೆ ಉತ್ತರ ಸಿಕ್ಕಿತು, ಇರುವೆಗಳಿಗೆ ನಾವು ಸಿಕ್ಕಿದೆವು!

"ಇವ್ನು ಸಂಬಳ ತಗಳೋದು ಪಾಠ ಹೇಳಕ್ಕೋ, ಕೇಳಕ್ಕೋ?" ಎಂದು ಅವನ ಹೆತ್ತ ತಾಯಿ, ಅಂದರೆ ನಮ್ಮ ಅಜ್ಜಿಯೇ ಬೈಯುತ್ತಿದ್ದಳು.

ನಮ್ಮ ನೊಣವಿನಕೆರೆ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗೆ ಕೊಬ್ಬರಿ ಗುಡುಗುಡು ಎನ್ನುವವರೆಗೆ ಯಾರೂ ಮುಟ್ಟುವುದಿಲ್ಲ. ಅಷ್ಟರಲ್ಲಿ ಒಳಗಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನ ಮನೆಯಲ್ಲಿ ಮಾತೆದ್ದಿತು.

"ಕಾಯೇ ಕುಡ್ಕಂತದೆ," ಎಂದಳು ಅಜ್ಜಿ.

"ಕಾಯಿ ಕಣ್ಣಿಂದ ಆಚೆ ಹೋಯ್ತದೆ," ಎಂದೆ ನಾನು.

"ಕಾಯೇ ಕುಡಿಯೋದಾದ್ರೆ ಮೈಗೆಲ್ಲ ಮೇಣ ಮೆತ್ತಿದ್ರೂ ಕುಡೀಬೇಕಲ್ವ? ನೋಡೇಬುಡಾನ!" ಎಂದ ಮಾವ, ಎರಡು ಕಾಯಿ ಸುಲಿದು, ಒಂದಕ್ಕೆ ಮೇಣದಬತ್ತಿ ಕರಗಿಸಿ ಮೆತ್ತಿ, ಎರಡನ್ನೂ ಶಾಲೆಯ ಜಂತಿಗೆ ನೇತುಹಾಕಿದ.

ಅದು ಎಮರ್ಜೆನ್ಸಿ ಕಾಲ. ದೊಡ್ಡ ದೊಡ್ಡವರೇ ಬಾಯಿ ಹೊಲಿದುಕೊಂಡಿದ್ದರು. ಅಂಥದ್ದರಲ್ಲಿ ಸ್ಕೂಲ್ ಇನ್ಸ್‌ಪೆಕ್ಟರು ಬಂದು, "ಆವಿಯಾಗುವುದು ಎಂದರೇನು?" ಎಂದರು. ನಾನು ಎದ್ದು, "ಇನ್ನೂ ಗೊತ್ತಿಲ್ಲ ಸಾ, ಕಾಯಿ ಒಣಗ್ಬೇಕು" ಎಂದೆ.

"ಇದೇನ್ರೀ, ಶಾಲೆನೋ ಕೊಬ್ಬರಿ ಮಂಡಿನೋ? ಇಳಿಸ್ರೀ ಅವನ್ನ!"

"ಇಳಿಸಲ್ಲ ಸಾರ್," ಎಂದ ಮಾವ, ಕೈಕಟ್ಟಿ ನಿಂತೇ. "ಬೇಕಾದ್ರೆ ನನ್ನ ಎತ್ತಾಕಿ. ಕಾಯಿ ಮುಟ್ಬೇಡಿ. ಮಕ್ಳು ಉತ್ರಕ್ಕೆ ಕಾಯ್ತಾ ಅವ್ರೆ."

ಎತ್ತಿಹಾಕಿದರು! ಹದಿನೈದೇ ದಿನದಲ್ಲಿ ವರ್ಗ, ಚಿಕ್ಕನಾಯಕನಹಳ್ಳಿಗೂ ಆಚೆಗೆ.

ಹೊಸ ಮೇಷ್ಟ್ರು ಬಂದ ದಿನವೇ ಕುಡುಗೋಲು ಹಿಡಿದು ಬೆಂಚು ಹತ್ತಿದರು. ನಾನು ಮನೆಗೆ ಓಡಿದೆ. ಸಗಣಿ ಕೈಯಲ್ಲೇ ಬಂದ ಅಜ್ಜಿ ಶಾಲೆಯ ಬಾಗಿಲಿಗೆ ಅಡ್ಡ ನಿಂತಳು.

"ಇಳೀರೀ ಕೆಳೀಕೆ! ಗೆಲ್ಲೋಳು ನಾನೇ ಕಣ್ರೀ. ಆದ್ರೂ ಕಾಯಿ ಒಣಗ್ಲಿ!"

ಮೇಷ್ಟ್ರು ಇಳಿದರು. ಆ ಕೈ ನೋಡಿದರೆ ಯಾರು ತಾನೇ ಇಳಿಯುವುದಿಲ್ಲ?

ಏಳೆಂಟು ತಿಂಗಳ ಮೇಲೆ ಎಲ್ಲರೆದುರು ಒಡೆದೆವು. ಬರೀ ಕಾಯಿಯಲ್ಲಿ ತೊಟ್ಟು ನೀರಿಲ್ಲ. ಮೇಣದ ಕಾಯಿಯ ನೀರು ಅಜ್ಜಿಯ ಮುಖಕ್ಕೇ ಚಿಮ್ಮಿತು!

ಮಾರನೆಯ ದಿನವೇ ಅಜ್ಜಿ ನನ್ನನ್ನೂ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ, ಮಾವನ ಹೊಸ ಶಾಲೆಯ ಮುಂದೆ ಇಳಿದಳು.

"ನಾನ್ ಸೋತೆ ಕಣ್ಲಾ ಮಗ," ಎಂದಳು.

ಮಾವ ನಗುತ್ತಾನೆಂದುಕೊಂಡಿದ್ದೆ. "ಬಾಗ್ಲಿಗೆ ಅಡ್ಡ ನಿಂತ್ಕಂಡ್ಯಂತಲ್ಲವ್ವ..." ಎಂದವನು ಮಕ್ಕಳೆಲ್ಲರ ಎದುರಿಗೇ ಅವಳ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟ.