ಎಮ್ಮೆ ಹಾರಿದ ಗಾಳಿ

ನಮ್ಮ ಚಳ್ಳಕೆರೆಯಲ್ಲಿ ಮಳೆಗೆ ಮೊದಲು ಗಾಳಿ ಬರುತ್ತದೆ, ಗಾಳಿ ಹೋದ ಮೇಲೆ ಗಾಳಿಯ ಮಾತು ಬರುತ್ತದೆ, ಮಳೆ ಮಾತ್ರ ಬರುವುದಿಲ್ಲ. ತಗಡಿನ ಅಂಗಡಿ ಇಟ್ಟಿರುವ ನನಗೆ ಗಾಳಿಯಿಂದಲೇ ಅನ್ನ. ಆದರೆ ಗಲ್ಲಾದ ಪಕ್ಕ ಕೂರುವ ನನ್ನ ಅಪ್ಪನ ದೆಸೆಯಿಂದ ಈ ವರ್ಷ ಅದೇ ಗಾಳಿಗೆ ಮಗಳ ಮದುವೆ ಹಾರಿಹೋಗುವುದರಲ್ಲಿತ್ತು.

ಅಪ್ಪನ ಹತ್ತಿರ ಸ್ವಂತದ್ದೊಂದು ಗಾಳಿ ಇದೆ. ಹಿಂದೆಂದೋ ಬೀಸಿದ್ದು. "ಕೊಟ್ಟಿಗೆ ತಗಡು ಹಾರ್ತು. ಹಾಲು ಕರೀತಿದ್ದ ಅವ್ವನ ಕೈಯಾಗೆ ಚೊಂಬು ಉಳೀತು, ಎಮ್ಮೆ ಉಳೀಲಿಲ್ಲ" ಎನ್ನುತ್ತಾನೆ. ಅದಕ್ಕಿಂತ ದೊಡ್ಡ ಗಾಳಿ ಯಾರಿಗೂ ಬರಕೂಡದು ಎಂಬುದು ಅವನ ಹಠ.

ತಗಡಿನ ಲೆಕ್ಕ

ನಮ್ಮ ಕಡೆ ಗಾಳಿಯನ್ನು ಅಳೆಯುವುದು ತಗಡಿನಲ್ಲಿ. ನಾಲ್ಕು ತಗಡು ಹಾರಿದರೆ ನಾಲ್ಕು ತಗಡಿನ ಗಾಳಿ. ಒಂದು ದಿನ ರೈತರೊಬ್ಬರು ಬಂದು, "ರಾತ್ರಿ ನಮ್ದು ಆರು ತಗಡಿನ ಗಾಳಿ" ಎಂದರು.

"ಆರಾ?" ಎಂದ ಅಪ್ಪ. "ಅದನ್ನ ಗಾಳಿ ಅಂತಾರೇನ್ರಿ? ಅದು ಸೀನು."

ಆ ಮನುಷ್ಯನ ಮುಖ ಕೆಂಪಾಯಿತು. "ತಪ್ಪಾತು. ಎಣಿಸಿದ್ದು ಕತ್ತಲಾಗೆ. ಹನ್ನೆರಡು!"

ನಾನು ಖುಷಿಯಿಂದ ಹನ್ನೆರಡು ತಗಡು ಇಳಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು. "ಎರಡು ಸಾಕು ಕಣ್ರಿ."

"ಉಳಿದ ಹತ್ತು?"

"ಎದುರುಗಾಳಿ ಬೀಸ್ತು ನೋಡ್ರಿ, ವಾಪಸ್ ಬಂದು ಕೂತ್ಕಂಡ್ವು."

ಬೋರ್ಡು

ಎದುರಿಗೆ ಪಂಕ್ಚರ್ ಅಂಗಡಿಯ ಸಾಹೇಬರಿದ್ದಾರೆ. ಮೊನ್ನೆಯ ಬಿರುಗಾಳಿಗೆ ಅವರ ಬೋರ್ಡು ಕಿತ್ತುಕೊಂಡು ಹಾರಿ ಬಂದು ನಮ್ಮ ಅಂಗಡಿಯ ಮುಂಗಟ್ಟಿಗೆ ಸಿಕ್ಕಿಕೊಂಡಿತು. "ಇಲ್ಲಿ ಗಾಳಿ ತುಂಬಲಾಗುತ್ತದೆ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ಅಪ್ಪ, ಬಂದವರಿಗೆಲ್ಲ ತನ್ನ ಎಮ್ಮೆಯ ಕಥೆ ಹೇಳುತ್ತ ಕೂತಿದ್ದ.

ಬೋರ್ಡು ಬಿಚ್ಚಲು ನಾನು ಏಣಿ ತಂದೆ. ಸಾಹೇಬರು ಓದಿದರು, ಅಪ್ಪನನ್ನು ನೋಡಿದರು, ಇನ್ನೊಮ್ಮೆ ಓದಿದರು.

"ರೆಹನೇ ದೋ ಭಾಯ್, ಇರ್ಲಿ ಬಿಡು" ಎಂದರು. "ಸರಿಯಾದ ಜಾಗಕ್ಕೇ ಹೋಗೈತೆ."

ಹೆಣ್ಣು ನೋಡಿದ್ದು

ಮೊಳಕಾಲ್ಮೂರಿನಿಂದ ಗಂಡಿನವರು ಬಂದರು. ಮನೆಯಲ್ಲಿ ರೇಷ್ಮೆ ಮಗ್ಗಗಳಿರುವ ಹುಡುಗ. ಮಗಳು ಅವನನ್ನು ಮೊದಲೇ ಒಪ್ಪಿಬಿಟ್ಟಿದ್ದಳು. "ಅಪ್ಪಾ, ಇವತ್ತೊಂದಿನ ಗಾಳಿ ಬೇಡ" ಎಂದು ನಾನು ಕೈಮುಗಿದಿದ್ದೆ. ಅಪ್ಪ ಬಾಯಿ ಮುಚ್ಚಿಕೊಂಡೇ ಇದ್ದ. ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಹುಡುಗನ ತಾತನೇ ಶುರುಮಾಡಿದರು.

"ಒಂದ್ಸಲ ನಮ್ಮೂರಾಗೆ ಗಾಳಿ ಬೀಸ್ತು ನೋಡ್ರಿ, ಅಬ್ಬಬ್ಬಾ, ಏಮಿ ಗಾಳಿ! ಮಗ್ಗದ ಮೇಲಿದ್ದ ಸೀರೆ ಹಾರಿ ಗುಡ್ಡದಾಗಿನ ಬಂಡೆಗೆ ಸುತ್ಕಂತು. ಬೆಳಿಗ್ಗೆ ಹೋಗಿ ನೋಡಿದ್ರೆ ಜನ ಅಮ್ಮನವರು ಅಂತ ಕಾಯಿ ಒಡೀತಿದ್ರು!"

ಅಪ್ಪನ ಮೂಗಿನ ಹೊಳ್ಳೆಗಳು ಅರಳಿದವು.

"ಬಂಡೆ ಅಲ್ಲೇ ಇತ್ತಲ್ಲ?" ಎಂದ. "ನಮ್ಮ ಗಾಳಿ ಆಗಿದ್ರೆ ಬಂಡೇನೇ ಸೀರೆ ಹುಡುಕ್ಕಂಡು ಬರ್ತಿತ್ತು." ಹಿಂದೆಯೇ ಎಮ್ಮೆಯೂ ಬಂತು.

"ಎಮ್ಮೆ ಹಾರಲ್ಲಪ್ಪ. ಗೂಟ ಕಿತ್ಕಂಡು ಓಡಿರುತ್ತೆ" ಎಂದರು ತಾತ.

"ನಿಮ್ದು ಗಾಳಿ ಅಲ್ಲ ಬಿಡ್ರಿ, ಬೀಸಣಿಗೆ!"

ತಾತ ಟವೆಲ್ ಕೊಡವಿ ಎದ್ದರು. "ನಡೀರಿ, ಮನೆಗೆ ಹೋಗಣ." ಗಂಡಿನ ಕಡೆಯವರೆಲ್ಲ ಎದ್ದರು. ಕಾಫಿ ತಟ್ಟೆ ಹಿಡಿದಿದ್ದ ಮಗಳ ಕಣ್ಣು ತುಂಬಿಬಂತು. ನಾನು ಅಪ್ಪನನ್ನು ಸಿಟ್ಟಿನಿಂದ ದುರುಗುಟ್ಟಿ ನೋಡಿದೆ.

ಆಗ ಹುಡುಗ ಮೆಲ್ಲಗೆ ಕೆಮ್ಮಿದ. "ತಾತ, ನಮ್ಮ ಬಚ್ಚಲುಮನೆ ಬಾಗಿಲಿನ ತಗಡು... ಅದ್ರ ಮೇಲೆ ನೀಲಿ ಅರ್ಧಚಂದ್ರ ಐತಲ್ಲ? ಇವರ ಅಂಗಡಿ ತಗಡಿಗೆಲ್ಲ ಹಾಕೋ ಗುರುತೂ ಅದೇ."

ತಾತ ಮೊಮ್ಮಗನನ್ನು ನೋಡಿದರು, ನನ್ನ ಮಗಳ ಕಣ್ಣೀರನ್ನು ನೋಡಿದರು, ಮೆಲ್ಲಗೆ ಕೂತರು. "ಹೌದಲ್ಲಾ! ಆ ಗಾಳಿ ದಿನಾನೇ ಒಂದು ತಗಡು ಎಲ್ಲಿಂದಲೋ ಹಾರಿ ಬಂದು ನಮ್ಮ ಅಂಗಳದಾಗೆ ಬಿತ್ತು."

"ಅದು ನಂದು! ಕೊಟ್ಟಿಗೇದು!" ಅಪ್ಪ ಹೋಗಿ ಅವರನ್ನು ತಬ್ಬಿಕೊಂಡ. "ಹಂಗಾದ್ರೆ ನಮ್ದೂ ನಿಮ್ದೂ ಒಂದೇ ಗಾಳಿ ಬೀಗರೇ! ನೋಡ್ರಿ, ಬಳುವಳಿ ಆವಾಗ್ಲೇ ಕಳಿಸೀನಿ, ಇನ್ನು ಹುಡುಗಿ ಒಬ್ಬಳೇ ಬಾಕಿ."

ಬಚ್ಚಲ ಬಾಗಿಲು

ಮದುವೆಯಾದ ಮೇಲೆ ಅಪ್ಪನ ಜೊತೆ ಮೊಳಕಾಲ್ಮೂರಿಗೆ ಹೋದಾಗ ಬಾಗಿಲು ನೋಡಿದೆ. ನೀಲಿ ಅರ್ಧಚಂದ್ರ ನಮ್ಮದೇ. ತಗಡಿಗೆ ಮಾತ್ರ ಒಂದು ನೆಗ್ಗೂ ಇರಲಿಲ್ಲ. ತಾತ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ನಿಮ್ಮಪ್ಪಗೆ ಹೇಳಬೇಡ್ರಿ. ಗಾಳೀನೂ ಇಲ್ಲ, ಏಮೀ ಲೇದು. ನಿಮ್ಮ ಅಂಗಡೀಲೇ ಕೊಂಡು, ಹಗ್ಗಾನೂ ಕಟ್ಟದೆ ಬಸ್ಸಿನ ಟಾಪಿನ ಮೇಲೆ ಇಟ್ಕಂಡು ತಂದಿದ್ದು."

ವಾಪಸ್ ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅಪ್ಪ ಕಿಟಕಿಯ ಕಡೆ ತಿರುಗಿ ಕೂತ. ಪಾಪ, ಇದ್ದೊಂದು ಗಾಳಿಯನ್ನೂ ಕಿತ್ತುಕೊಂಡೆನಲ್ಲ ಎಂದು ನನಗೆ ಸಂಕಟವಾಯಿತು.

"ಲೇ" ಎಂದ ಕೊನೆಗೆ. "ಹಗ್ಗ ಕಟ್ಟಿರಲಿಲ್ಲ ಅಂದ್ರಾ?"

"ಹೂಂ."

ಅಪ್ಪನ ಮುಖ ಅರಳಿತು. "ಕಟ್ಟದೇ ಇಟ್ಟ ತಗಡು ಮೊಳಕಾಲ್ಮೂರು ತನಕ ಹಾರದೇ ಹೋಗೈತೆ ಅಂದ್ರೆ, ಅವರ ಕಡೆ ಗಾಳಿನೇ ಇಲ್ಲ ಕಣಲೇ!"